ತೊಟ್ಟಿಯ ಮಕ್ಕಳಿಗೆ ಚಡ್ಡಿ

ನಮ್ಮ ಕೌಂಟಿಯ ಹೊರಗೆ ಈ ಕಥೆ ಹೇಳಿದರೆ ಜನ ನಗುತ್ತಾರೆ. ಅರವತ್ತು ದಾಟಿದ ಹೆಂಗಸೊಬ್ಬಳು ಶಾಲೆಯ ಲೈಬ್ರರಿಯಲ್ಲಿ ಕನ್ನಡಕ ಏರಿಸಿಕೊಂಡು ಕೂತು, ಮಕ್ಕಳ ಚಿತ್ರಪುಸ್ತಕದಲ್ಲಿ ಸ್ನಾನ ಮಾಡುತ್ತಿರುವ ಕೂಸುಗಳಿಗೆ ಸಣ್ಣ ಕುಂಚದಿಂದ ಚಡ್ಡಿ ಬರೆದಳು ಎಂದರೆ ಯಾರಿಗೆ ನಗು ಬರುವುದಿಲ್ಲ? ನಗಲಿ. ಆ ಕುಂಚ ಹಿಡಿದ ಆರ್ಡಿತ್ ಕೂಂಬ್ಸ್‌ಗೆ ಬಂದದ್ದು ನಗುವಲ್ಲ, ಹೇಸಿಗೆ. ಅದರಲ್ಲಿ ಹೆಚ್ಚಿನ ಪಾಲು ತನ್ನ ಮೇಲೆಯೇ.

ಆರ್ಡಿತ್ ಹುಟ್ಟಿದ್ದು, ಬೆಳೆದದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಇಲ್ಲೇ, ಫ್ಲೋರಿಡಾದ ಉತ್ತರದ ಅಂಚಿನ ಟಪೋಲಾ ಕೌಂಟಿಯಲ್ಲಿ. ಪೈನ್ ಮರ ಮತ್ತು ಬ್ಯಾಪ್ಟಿಸ್ಟ್ ಚರ್ಚು ಬಿಟ್ಟರೆ ಇಲ್ಲಿ ಮೂರನೆಯದು ಕಣ್ಣಿಗೆ ಬೀಳುವುದು ಕಷ್ಟ. ಆಕೆಯ ಅಪ್ಪ ಹೊಯ್ಟ್ ಪರ್ವಿಸ್ ಬೋರ್ಡು ಬರೆಯುತ್ತಿದ್ದ. ಗಾಳ ಮಾರುವ ಅಂಗಡಿ, ಕ್ಷೌರದಂಗಡಿ, ಚರ್ಚು, ಕೋರ್ಟು, ಎಲ್ಲದರ ಹಣೆಯ ಮೇಲೂ ಅವನದೇ ಅಕ್ಷರ. ಕುಂಚ ಹಿಡಿಯುವುದನ್ನು ಮಗಳಿಗೂ ಕಲಿಸಿದ. ಮಗಳು ಬೋರ್ಡು ಬರೆಯಲಿಲ್ಲ, ಟೀಚರಾದಳು. ಒಂದನೇ ತರಗತಿಗೆ ಕೆಲವು ವರ್ಷ ಪಾಠ ಹೇಳಿ ಆಮೇಲೆ ಅದೇ ಶಾಲೆಯ ಲೈಬ್ರರಿಗೆ ಬಂದು ಕೂತಳು. ಮರದ ಕಾರ್ಖಾನೆಯಲ್ಲಿ ಲಾರಿ ಓಡಿಸುತ್ತಿದ್ದ ಗಂಡ ವೆಂಡೆಲ್ ಎದೆನೋವು ಬಂದು ತೀರಿಕೊಂಡ ಮೇಲಂತೂ ಆ ಲೈಬ್ರರಿಯೇ ಆಕೆಗೆ ಮನೆಯಾಯಿತು.

ಇಡೀ ಕೌಂಟಿಗೆ ಆಕೆ ಮಿಸ್ ಆರ್ಡಿತ್. ಪೆಟ್ರೋಲ್ ಬಂಕಿನಲ್ಲಿ ಗಡ್ಡ ಬಿಟ್ಟ ಗಂಡಸರು ಟೋಪಿ ತೆಗೆದು, "ಮಿಸ್ ಆರ್ಡಿತ್, ಆ ಹಂದಿ ಕಥೆ ಇನ್ನೂ ಓದ್ತೀರಾ? ಆ ಗುಟುರು ಹಾಕೋದು ಇನ್ನೂ ಮಾಡ್ತೀರಾ?" ಎಂದು ಕೇಳುತ್ತಿದ್ದರು. ಆಕೆ ಪಂಪು ಕೈಯಲ್ಲಿ ಹಿಡಿದೇ ಒಂದು ಗುಟುರು ಹಾಕಿ ತೋರಿಸುತ್ತಿದ್ದಳು. ಕಥೆ ಓದುವಾಗ ಆಕೆಯ ದನಿ ಹಂದಿಯಾಗುತ್ತಿತ್ತು, ಮುದುಕನಾಗುತ್ತಿತ್ತು, ಗಾಳಿಯಾಗುತ್ತಿತ್ತು. ಜಮಖಾನೆಯ ಮೇಲೆ ಕೂತ ಮಕ್ಕಳು ತೆವಳುತ್ತ ತೆವಳುತ್ತ ಆಕೆಯ ಮೊಣಕಾಲಿಗೇ ಬಂದು ಒರಗುತ್ತಿದ್ದರು.

ಆ ಲೈಬ್ರರಿಯಲ್ಲಿ ಒಂದು ಪುಸ್ತಕವಿತ್ತು. ಮಕ್ಕಳು ಅದಕ್ಕೆ ತೊಟ್ಟಿ ಪುಸ್ತಕ ಎನ್ನುತ್ತಿದ್ದರು. ಅಜ್ಜಿಯೊಬ್ಬಳು ಹಿತ್ತಲಲ್ಲಿ ತಗಡಿನ ತೊಟ್ಟಿಗೆ ನೀರು ತುಂಬಿ, ಕೆಸರು ಮೆತ್ತಿಕೊಂಡು ಬಂದ ಮೂರು ಮೊಮ್ಮಕ್ಕಳನ್ನು ತಿಕ್ಕಿ ತೊಳೆಯುತ್ತಾಳೆ, ನಾಯಿ ಸೋಪು ಕದ್ದು ಓಡುತ್ತದೆ. ಇಷ್ಟೇ ಕಥೆ. ಆದರೆ ಪ್ರತಿ ಪುಟದಲ್ಲೂ ನಾಯಿ ಎಲ್ಲೋ ಅಡಗಿರುತ್ತದೆ. ಒಂದು ಕಡೆ ಬಾಲ, ಒಂದು ಕಡೆ ಕಿವಿ. ಮಕ್ಕಳಿಗೆ ಅಜ್ಜಿ ಬೇಡ, ಸ್ನಾನ ಬೇಡ, ನಾಯಿ ಎಲ್ಲಿ ಎನ್ನುವುದೊಂದೇ ಬೇಕು. ಪುಟದ ಅಂಚೆಲ್ಲ ಪುಟ್ಟ ಬೆರಳುಗಳಿಂದ ಮೆತ್ತಗಾಗಿ ಹೋಗಿತ್ತು. ತೊಟ್ಟಿಯ ಮಕ್ಕಳು ಬರಿಮೈಯಲ್ಲಿದ್ದರು, ಸ್ನಾನಕ್ಕೆ ನಿಂತ ಮಕ್ಕಳು ಹೇಗಿರುತ್ತಾರೋ ಹಾಗೆ. ಅಷ್ಟು ವರ್ಷದಲ್ಲಿ ಆ ಬಗ್ಗೆ ಒಂದು ಮಗುವೂ ಸೊಲ್ಲೆತ್ತಿರಲಿಲ್ಲ.

ಸೊಲ್ಲೆತ್ತಿದ್ದು ಕಾರ್ಲೀನ್ ಸ್ಟ್ರಿಕ್ಲೆಂಡ್. ಹಲ್ಲಿನ ಡಾಕ್ಟರರ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಅವಳದು. ಮಗಳು ಪ್ರೆಸ್ಲಿ ಒಂದನೇ ತರಗತಿ. ಆ ವರ್ಷ ಕೌಂಟಿಯ ಕೆಲವು ತಾಯಂದಿರು ಸೇರಿ ಒಂದು ಗುಂಪು ಕಟ್ಟಿಕೊಂಡು, ಒಂದೇ ಬಣ್ಣದ ಟೀ ಶರ್ಟು ಮಾಡಿಸಿಕೊಂಡು, ಶಾಲೆಗಳ ಕಪಾಟಿಗೆ ಮೂಗು ತೂರಿಸಲು ಶುರುಮಾಡಿದ್ದರು. ಪುಸ್ತಕ ಓದುವ ಕಷ್ಟ ಅವರಿಗಿರಲಿಲ್ಲ. ಎಲ್ಲೋ ದೂರದ ಊರಿನ ಇನ್ಯಾರೋ ಯಾವ ಪುಟದಲ್ಲಿ ಏನಿದೆಯೆಂದು ಹೇಳಿಕೊಟ್ಟಿರುತ್ತಿದ್ದರು, ಇವರು ಬಂದು ಆ ಪುಟ ತೆರೆದು ಬೆಚ್ಚಿಬೀಳುತ್ತಿದ್ದರು. ದಿನಾ ಬೆಚ್ಚಿಬೀಳಲು ಸಿದ್ಧವಾಗಿ ಮನೆಯಿಂದ ಹೊರಡುವ ಜನರನ್ನು ಕಂಡರೆ ಮೈಯೆಲ್ಲ ಅಂಟಂಟಾದ ಹಾಗಾಗುತ್ತದೆ.

ಕಾರ್ಲೀನ್ ಶಾಲೆ ಬಿಟ್ಟ ಮೇಲೆ ಬಂದಳು, ತೊಟ್ಟಿ ಪುಸ್ತಕವನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಹಿಡಿದುಕೊಂಡು.

"ಮಿಸ್ ಆರ್ಡಿತ್, ನಿಮ್ಮ ಮೇಲೆ ನಂಗೆ ತುಂಬಾ ಗೌರವ. ನಂಗೆ ಓದೋಕೆ ಕಲಿಸಿದ್ದೇ ನೀವು."

"ಪೀಠಿಕೆ ಸಾಕು ಕಣಮ್ಮ. ಏನಾಯ್ತು ಹೇಳು."

"ಇದು ನನ್ನ ಮಗಳ ಚೀಲದಲ್ಲಿತ್ತು. ಈ ಪುಟ ನೋಡಿ. ಈ ಕೊನೇ ಹುಡುಗನ್ನ ನೋಡಿ."

"ನೋಡಿದೆ. ಸ್ನಾನ ಮಾಡ್ತಿದ್ದಾನೆ. ನೀನೂ ನೋಡಿದ್ದೀಯಲ್ಲ? ವಾರ ವಾರ ಇದನ್ನೇ ತಗೊಂಡು ಹೋಗ್ತಿದ್ದೆ. ಬೇರೆ ಕೊಟ್ರೆ ಮುಖ ಊದಿಸ್ಕೋತಿದ್ದೆ."

"ಆಗ ನಾನು ಮಗು ಮಿಸ್ ಆರ್ಡಿತ್. ನಂಗೇನು ಗೊತ್ತಾಗ್ತಿತ್ತು?"

"ಅದನ್ನೇ ನಾನೂ ಹೇಳ್ತಿರೋದು."

ಕಾರ್ಲೀನ್‌ಗೆ ಅದು ತಟ್ಟಲಿಲ್ಲ. ಕಾಲ ಕೆಟ್ಟಿದೆ, ಇಂಥ ಚಿತ್ರ ನೋಡುವ ಜನ ಎಂಥವರೆಂದು ನಿಮಗೆ ಗೊತ್ತಿಲ್ಲ, ಎಂದೆಲ್ಲ ಹೇಳಿದಳು. ಅವಳ ಕಣ್ಣಲ್ಲಿ ನಿಜವಾಗಿಯೂ ಭಯವಿತ್ತು. ಅದನ್ನು ಆರ್ಡಿತ್ ಕಂಡಳು, ಸುಳ್ಳು ಹೇಳಬಾರದು. ಆದರೆ ಆರು ವರ್ಷದ ಮಕ್ಕಳು ನಾಯಿ ಹುಡುಕುವ ಪುಟದಲ್ಲಿ ಇನ್ಯಾವನೋ ಹೊಲಸು ಮನುಷ್ಯ ಏನು ನೋಡುತ್ತಾನೆ ಎಂದು ಊಹಿಸಿ, ಅವನ ಕಣ್ಣನ್ನು ಎರವಲು ತಂದು ಮಕ್ಕಳ ಪುಸ್ತಕದ ಮೇಲೆ ಇಡುವುದು ಎಂಥ ಕೆಲಸ? ಆರ್ಡಿತ್ ಪುಸ್ತಕ ಇಸಿದುಕೊಂಡು, ನೋಡೋಣ ಎಂದಳು.

ಮಾರನೆಯ ದಿನ ಪ್ರಿನ್ಸಿಪಾಲ್ ಕರೆಸಿದ. ಡ್ವೈಟ್ ಲ್ಯಾಸಿಟರ್ ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಸ್ವಲ್ಪ ಬೆನ್ನುಮೂಳೆ ಬೇಕು. ಶಾಲೆಯ ಪುಸ್ತಕಗಳ ಬಗ್ಗೆ ರಾಜ್ಯದ ಹೊಸ ಕಾನೂನು ಬಂದ ಮೇಲಿನ ಪದ್ಧತಿ ಏನೆಂದರೆ, ಯಾರೇ ಆಗಲಿ ಒಂದು ಪುಸ್ತಕದ ಮೇಲೆ ದೂರು ಬರೆದುಕೊಟ್ಟರೆ ಅದನ್ನು ತಕ್ಷಣ ಕಪಾಟಿನಿಂದ ತೆಗೆದು ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಡಬೇಕು. ಆಮೇಲೆ ಸಮಿತಿ ಕೂತು ತೀರ್ಮಾನಿಸಬೇಕು. ಸಮಿತಿ ಕೂರುವುದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಬೀರುವಿನೊಳಗೆ ಹೋದ ಪುಸ್ತಕ ಹೊರಗೆ ಬಂದದ್ದನ್ನು ಕಂಡವರಿಲ್ಲ.

"ಕಾರ್ಲೀನ್ ಇನ್ನೂ ಬರೆದು ಕೊಟ್ಟಿಲ್ಲ, ಅದೊಂದು ಪುಣ್ಯ," ಎಂದ ಡ್ವೈಟ್. "ಪಕ್ಕದ ಕೌಂಟಿಲಿ ಏನ್ ಮಾಡಿದ್ರು ಗೊತ್ತಾ ಮಿಸ್ ಆರ್ಡಿತ್? ಒಂಚೂರು ಪೇಂಟು. ಚಡ್ಡಿ ಬರೆದ್ರು, ಮುಗೀತು. ಎಲ್ಲರಿಗೂ ಖುಷಿ."

"ಏನು ಬರೆದ್ರು?"

"ಚಡ್ಡಿ. ಪುಸ್ತಕ ಅಲ್ಲೇ ಇರುತ್ತೆ, ಅವಳೂ ಬಾಯಿ ಮುಚ್ಕೋತಾಳೆ. ನಿಮ್ಮ ಕೈ ಬೇರೆ ಚೆನ್ನಾಗಿದೆ. ಅಪ್ಪನ ಕೈ ಬಂದಿದೆ ನಿಮಗೆ."

"ಇದು ನಿಮ್ಮ ಅಪ್ಪಣೆನಾ?"

"ಅಯ್ಯೋ, ಅಪ್ಪಣೆ ಗಿಪ್ಪಣೆ ಎಂಥದೂ ಇಲ್ಲ. ನಾನು ಹೇಳಿದೆ ಅಂತ್ಲೂ ಬೇಡ. ಸುಮ್ನೆ ಒಂದು ಮಾತು ಅಷ್ಟೆ."

ಆರ್ಡಿತ್ ಆಗಲೇ ಎದ್ದು ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ಚಡ್ಡಿ ಬರೆದರೆ ಪುಸ್ತಕ ಮಕ್ಕಳ ಕೈಯಲ್ಲಿ ಉಳಿಯುತ್ತದೆ, ಬರೆಯದಿದ್ದರೆ ಬೀರುವಿನೊಳಗೆ ಹೋಗುತ್ತದೆ. ಆಕೆ ಮಾಡಿದ ಲೆಕ್ಕ ಇಷ್ಟೇ. ಅದರಲ್ಲಿ ತಪ್ಪೇನಿದೆ ಎಂದು ಅಂದು ಕೇಳಿದ್ದರೆ ಈ ಕೌಂಟಿಯಲ್ಲಿ ಹತ್ತರಲ್ಲಿ ಒಂಬತ್ತು ಜನ ಏನೂ ತಪ್ಪಿಲ್ಲ ಎನ್ನುತ್ತಿದ್ದರು.

ಆದರೆ ಅಪ್ಪನ ಕೈ ಎಂಬ ಮಾತು ಚುಚ್ಚಿತ್ತು. ಅಪ್ಪನ ಮಣ್ಣಿನ ದಿನ ಚರ್ಚಿನ ಬಾಗಿಲಲ್ಲಿ ಯೂಲಾ ಬ್ರಾಕ್ಸ್‌ಟನ್ ಆಕೆಯ ಕೈ ಹಿಡಿದುಕೊಂಡಿದ್ದಳು. ಯೂಲಾ ಶಾಲೆಯ ಅಡುಗೆಯವಳು, ಕಪ್ಪು ಹೆಂಗಸು, ಆರ್ಡಿತ್‌ಗಿಂತ ಆರೇಳು ವರ್ಷ ದೊಡ್ಡವಳು. "ನಿಮ್ಮಪ್ಪಂದು ಎಂಥ ಮುದ್ದಾದ ಅಕ್ಷರ," ಎಂದಿದ್ದಳು. "ಕೋರ್ಟಿನ ನೀರಿನ ನಲ್ಲಿ ಮೇಲೆ 'ಕರಿಯರಿಗೆ' ಅಂತ ಬರೆದಿದ್ದನಲ್ಲ, ನಾನು ಕೂಡಿಸಿ ಓದೋಕೆ ಕಲಿತ ಮೊದಲನೇ ಮಾತು ಅದೇ." ಬಿಳಿಯರಿಗೊಂದು, ಕರಿಯರಿಗೊಂದು ನಲ್ಲಿ ಇಟ್ಟಿದ್ದ ಕಾಲದ ಮಾತು ಅದು. ಯೂಲಾಳ ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಆರ್ಡಿತ್‌ಗೆ ನಿಂತ ನೆಲ ಬಿರಿದಂತಾಗಿತ್ತು. ಅಂಥ ಬೋರ್ಡು ಬರೆದ ಬಗ್ಗೆ ಯಾರಾದರೂ ಕೆದಕಿದರೆ ಅಪ್ಪ ಹೇಳುತ್ತಿದ್ದುದು, "ಮಾತು ಅವರದು, ಅಕ್ಷರ ಮಾತ್ರ ನನ್ನದು" ಎಂದು. ಕಾಲ ಬದಲಾದಾಗ ಅದರ ಮೇಲೆ ಸುಣ್ಣ ಬಳಿಯಲು ಕೌಂಟಿಯವರು ಕರೆದದ್ದೂ ಅವನನ್ನೇ. ಅದನ್ನೂ ಅಷ್ಟೇ ನೀಟಾಗಿ ಬಳಿದು ಬಂದಿದ್ದ. ಆ ದಿನದಿಂದ ಯೂಲಾ ಮತ್ತು ಆರ್ಡಿತ್ ಗೆಳತಿಯರು. ಅದು ಹೇಗೆ ಎಂದು ಇಬ್ಬರೂ ಹೇಳಲಾರರು.

ಆ ಯೂಲಾ ಮಧ್ಯಾಹ್ನದ ಊಟ ಬಡಿಸಿ ಮುಗಿಸಿ, ಎಂದಿನಂತೆ ಎರಡು ಲೋಟ ಸಿಹಿ ಐಸ್ ಟೀ ಹಿಡಿದು ಲೈಬ್ರರಿಗೆ ಬಂದಾಗ, ಆರ್ಡಿತ್ ಮಕ್ಕಳ ಪೋಸ್ಟರ್ ಬಣ್ಣದ ಡಬ್ಬಿ ತೆರೆದುಕೊಂಡು ಕೂತಿದ್ದಳು.

"ಏನೇ ಇದು? ಕೂಸಿಗೆ ಬಟ್ಟೆ ಹೊಲೀತಿದ್ದೀಯಾ?"

"ಪುಸ್ತಕ ಉಳಿಸ್ತಿದ್ದೀನಿ ಯೂಲಾ."

"ಹೌದಾ? ನನ್ನ ಕಣ್ಣಿಗೆ ಪೇಂಟು ಬಳಿಯೋ ಹಾಗೆ ಕಾಣ್ತಿದೆ."

"ಇಷ್ಟು ಮಾಡಿದ್ರೆ ಕಪಾಟಲ್ಲಿ ಇರುತ್ತೆ. ಇಲ್ದಿದ್ರೆ ಹೋಗುತ್ತೆ. ಚಡ್ಡಿ ಇದ್ರೂ ನಾಯಿ ಕಾಣುತ್ತಲ್ಲ?"

"ನಾಯಿ ಕಾಣುತ್ತಪ್ಪ. ಆದ್ರೆ ಈ ಅಜ್ಜಿ ಗತಿ? ಚಡ್ಡಿ ಹಾಕಿಸಿ ಮಕ್ಕಳಿಗೆ ಸೋಪು ಹಚ್ತಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯಾ ಅಂತಾರೆ ಜನ." ಯೂಲಾ ಒಂದು ಲೋಟ ಮೇಜಿನ ಮೇಲಿಟ್ಟು, ಇನ್ನೊಂದನ್ನು ಹಿಡಿದುಕೊಂಡು ಹೊರಟುಹೋದಳು.

ಆರ್ಡಿತ್ ಬರೆದಳು. ಮೂರು ಮಕ್ಕಳಿಗೂ ನೀಲಿ ಚಡ್ಡಿ. ಚಿತ್ರದ ಆಕಾಶಕ್ಕೆ ಹೊಂದುವ ನೀಲಿಯನ್ನೇ ಕಲೆಸಿಕೊಂಡಳು. ಅಂಚಿಗೆ ನೆರಳು ಕೊಟ್ಟಳು. ಒಂದಕ್ಕೆ ಬಿಳಿ ಚುಕ್ಕಿ ಇಟ್ಟಳು. ಕೊನೆಗೆ ಪುಸ್ತಕವನ್ನು ದೂರ ಹಿಡಿದು ನೋಡಿ, ಚೆನ್ನಾಗಿ ಬಂತು ಎಂದುಕೊಂಡಳು. ಆ ಗಳಿಗೆಯ ಖುಷಿ ನೆನೆದರೆ ಆಕೆಗೆ ಈಗಲೂ ಮೈ ಉರಿಯುತ್ತದೆ.

ಕಾರ್ಲೀನ್ ಬಂದು ನೋಡಿ ಆಕೆಯನ್ನು ತಬ್ಬಿಕೊಂಡಳು. ಕಣ್ಣಲ್ಲಿ ನೀರೂ ಬಂತು. ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿ, ಮನಸ್ಸಿದ್ದರೆ ಎಷ್ಟು ಸುಲಭ ನೋಡಿ ಎಂದು ಬರೆದಳು. ಅಲ್ಲಿಗೆ ಮುಗಿಯಿತು ಎಂದು ಆರ್ಡಿತ್ ಅಂದುಕೊಂಡಳು.

ಮುಗಿಯುವುದೇ? ಸುಲಭ ಎಂದು ಗೊತ್ತಾದ ಮೇಲೆ ಬಿಡುವವರು ಯಾರು? ಒಬ್ಬ ತಾಯಿ ಹಂದಿಯ ಪುಸ್ತಕ ತಂದಳು. ಹಂದಿಗೆ ಅಂಗಿ ಇದೆ, ಕೆಳಗೆ ಏನೂ ಇಲ್ಲವಂತೆ. ಇನ್ನೊಬ್ಬಳಿಗೆ ಗ್ರೀಸ್ ದೇಶದ ಹಳೆಯ ಕಲ್ಲಿನ ಪ್ರತಿಮೆಗಳ ಮೇಲೆ ಸಂಶಯ. ಮತ್ತೊಬ್ಬಳಿಗೆ ದೇವದೂತರ ರೆಕ್ಕೆ ಸಾಲದು, ಮುಂದುಗಡೆ ಮೋಡ ಬೇಕು. ಕೊನೆಗೆ ಕ್ರಿಸ್‌ಮಸ್ ಪುಸ್ತಕದ ಗೋದಲಿಯಲ್ಲಿ ಮಲಗಿದ್ದ ಹಸುಗೂಸಿಗೂ ಸರದಿ ಬಂತು. ಆ ಕೂಸು ಯಾರೆಂದು ಕೇಳಬೇಡಿ. ಚರ್ಚಿಗೆ ಹೋಗುವ ಹೆಂಗಸೇ ಅದನ್ನು ತಂದವಳು. "ಎರಡು ಸಾವಿರ ವರ್ಷದಿಂದ ಆ ಮಗು ಹಾಗೇ ಮಲಗಿತ್ತು, ಮೂರು ಜನ ಜ್ಞಾನಿಗಳು ಬಂದು ನೋಡಿದ್ರು, ಒಬ್ಬರೂ ಮುಖ ತಿರುಗಿಸ್ಲಿಲ್ಲ," ಎಂದಳು ಯೂಲಾ. ಆರ್ಡಿತ್ ಕೂಸಿನ ಮೇಲೆ ಒಂದಿಷ್ಟು ಹುಲ್ಲು ಬರೆದಳು. ಪ್ರತಿ ಸಲವೂ ಅದೇ ಲೆಕ್ಕ: ಇದೊಂದು ಬರೆದರೆ ಇದೊಂದು ಉಳಿಯುತ್ತದೆ. ಥೂ, ಹೇಳಲೂ ನಾಚಿಕೆಯಾಗುತ್ತದೆ. ಕ್ರಿಸ್ತನ ಹುಟ್ಟನ್ನು ಕಂಡು ಕೆಟ್ಟ ಯೋಚನೆ ಬರುವ ತಲೆಗಳನ್ನು ತೊಳೆಯುವುದು ಬಿಟ್ಟು, ಹೊತ್ತಿಗೊಂದು ಪುಸ್ತಕಕ್ಕೆ ಬಣ್ಣ ಬಳಿಯುತ್ತ ಕೂತಿತ್ತು ಒಂದು ಶಾಲೆ.

ಆಕೆ ಲೆಕ್ಕಕ್ಕೆ ಹಿಡಿಯದೇ ಹೋದ ವಿಷಯ ಒಂದಿತ್ತು. ಚಿತ್ರಪುಸ್ತಕದ ಕಾಗದ ನುಣುಪು, ಹೊಳಪಿನದು. ಪೋಸ್ಟರ್ ಬಣ್ಣ ನೀರಿನದು. ಬೋರ್ಡು ಬರೆಯುವವನ ಮಗಳಿಗೆ ಇದು ಗೊತ್ತಿಲ್ಲದ್ದಲ್ಲ, ಆದರೆ ಎಣ್ಣೆಬಣ್ಣ ಬಳಿದು ಪುಸ್ತಕವನ್ನು ಶಾಶ್ವತವಾಗಿ ಕೆಡಿಸಲು ಕೈ ಬಂದಿರಲಿಲ್ಲ. ಬಣ್ಣ ಒಣಗಿ ನಿಂತಿತು. ಆಮೇಲೆ ಒಂದು ದಿನ ಕಾರ್ಲೀನಳ ಮಗಳು ಪ್ರೆಸ್ಲಿ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಚುಕ್ಕಿ ಚಡ್ಡಿಯ ಮೇಲೆ ಒತ್ತಿ ಒರೆಸಿದಳು. ಚಡ್ಡಿ ಹೆಬ್ಬೆರಳಿಗೆ ಬಂತು.

ಆ ದಿನದಿಂದ ಲೈಬ್ರರಿಯಲ್ಲಿ ಬೇರೆ ಆಟವಿಲ್ಲ. ಮಕ್ಕಳು ಹೆಬ್ಬೆರಳು ಚೀಪಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ನೀಲಿ ಎಂಜಲು, ನೀಲಿ ನಾಲಿಗೆ, ಕಿಸಿಕಿಸಿ ನಗು. "ನಂದು, ನಂದು, ಈ ಚಡ್ಡಿ ನಾನು ತೆಗೀತೀನಿ!" ಆರ್ಡಿತ್ ಮತ್ತೆ ಬರೆದರೆ ಮತ್ತೆ ತೆಗೆಯುತ್ತಿದ್ದರು. ಹಂದಿಯ ಪ್ಯಾಂಟು ಹೋಯಿತು, ದೇವದೂತರ ಮೋಡ ಹೋಯಿತು. ಅಡಿಯಲ್ಲಿ ಏನೋ ಇದೆ, ದೊಡ್ಡವರು ಅದನ್ನು ಮುಚ್ಚುತ್ತಾರೆ ಎಂದು ಆರು ವರ್ಷದ ಮಕ್ಕಳಿಗೆ ಚೆನ್ನಾಗಿ ಅರ್ಥವಾಗಿತ್ತು. ಒಂದು ಮಧ್ಯಾಹ್ನ ಆರ್ಡಿತ್ ಪುಸ್ತಕ ಹಿಡಿದು, "ನಾಯಿ ಎಲ್ಲಿದೆ ಹೇಳಿ ನೋಡೋಣ?" ಎಂದಳು. ಯಾರೂ ಹುಡುಕಲಿಲ್ಲ. ಎಲ್ಲರ ಕಣ್ಣೂ ತೊಟ್ಟಿಯ ಮೇಲೆ, ಎಲ್ಲರ ಬಾಯಲ್ಲೂ ಹೆಬ್ಬೆರಳು. ಆಕೆಗೆ ಅಳು ಬಂತು. ಪುಸ್ತಕ ಉಳಿದಿತ್ತು, ನಿಜ. ಆದರೆ ಯಾವ ಪುಸ್ತಕವನ್ನು ಉಳಿಸಲು ಹೊರಟಿದ್ದಳೋ ಅದು ಇದಾಗಿರಲಿಲ್ಲ.

ಪ್ರೆಸ್ಲಿ ಮನೆಗೆ ಹೋಗಿ ಊಟದ ಮೇಜಿನಲ್ಲಿ ಹೆಮ್ಮೆಯಿಂದ ಹೇಳಿದಳಂತೆ: "ಅಮ್ಮಾ, ನಾವು ಲೈಬ್ರರಿಲಿ ಚಡ್ಡಿ ಬಿಚ್ತೀವಿ."

ಇನ್ನು ಕೇಳಬೇಕೆ? ಕಾರ್ಲೀನ್ ಈ ಸಲ ಬರೆದೇ ಕೊಟ್ಟಳು. ತೊಟ್ಟಿ ಪುಸ್ತಕದ ಮೇಲೆ ಮಾತ್ರವಲ್ಲ, ಬಣ್ಣ ತಾಗಿದ ಪ್ರತಿಯೊಂದರ ಮೇಲೂ. ವಿಷಯ ನೇರವಾಗಿ ಕೌಂಟಿಯ ಶಾಲಾ ಮಂಡಳಿಯ ಮುಂದೆ ಹೋಯಿತು. ಕೋರ್ಟಿನ ಪಕ್ಕದ ಹಾಲಿನಲ್ಲಿ ಸಭೆ. ಮೇಲೆ ಐದು ಜನ ಸದಸ್ಯರು, ಕೆಳಗೆ ಮೈಕು. ಮಾತಾಡುವವರಿಗೆ ಮೂರು ನಿಮಿಷ, ಮುಗಿದರೆ ಕೆಂಪು ದೀಪ. ಒಂದೇ ಬಣ್ಣದ ಟೀ ಶರ್ಟುಗಳು ಮುಂದಿನ ಸಾಲುಗಳನ್ನೆಲ್ಲ ಹಿಡಿದಿದ್ದವು. ಯೂಲಾ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು.

ಕಾರ್ಲೀನ್ ಮೈಕಿನ ಮುಂದೆ ನಿಂತು, ಶಾಲೆಯ ಲೈಬ್ರರಿಯಲ್ಲಿ ಮಕ್ಕಳಿಗೆ ಚಡ್ಡಿ ಬಿಚ್ಚುವುದನ್ನು ಕಲಿಸುತ್ತಿದ್ದಾರೆ ಎಂದಳು. ಹಾಲಿನಲ್ಲಿ ಉಸಿರು ಎಳೆದುಕೊಂಡ ಸದ್ದು. ಮಾತು ಸುಳ್ಳಲ್ಲ, ನಿಜವೂ ಅಲ್ಲ. ಹಾಗೆ ಹೇಳುವ ಕಲೆ ಈ ಗುಂಪಿನವರಿಗೆ ಸಿದ್ಧಿಸಿತ್ತು. ಆಮೇಲೆ ಡ್ವೈಟ್ ಲ್ಯಾಸಿಟರ್ ಎದ್ದು, ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ, ಬಣ್ಣ ಹಾಕಿದ್ದು ಸಿಬ್ಬಂದಿ ತಾವಾಗಿಯೇ ಮುಂದೆ ಬಂದು ಮಾಡಿದ ಕೆಲಸ, ಅದರ ಹಿಂದಿನ ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಎಂದು ಹೇಳಿ ತನ್ನ ಬೂಟು ನೋಡುತ್ತ ಕೂತ.

ಆರ್ಡಿತ್‌ಳನ್ನು ಕರೆದರು. ಮಂಡಳಿಯ ಅಧ್ಯಕ್ಷ ಗಾರ್ಲೆಂಡ್ ಟೂಲ್, ಟ್ರ್ಯಾಕ್ಟರ್ ಮಾರುವವನು, ಮಾತಿನಲ್ಲಿ ಬಲು ಸಭ್ಯ.

"ಮಿಸ್ ಆರ್ಡಿತ್, ಈ ಚಡ್ಡಿ ಬರೆದದ್ದು ನೀವೇನಾ?"

"ಹೌದು."

"ಯಾಕೆ ಬರೆದ್ರಿ ಮೇಡಂ?"

"ಪುಸ್ತಕ ಕಪಾಟಲ್ಲಿ ಉಳೀಲಿ ಅಂತ."

"ಅಂದ್ರೆ ಬರೀದೇ ಇದ್ರೆ ಕಪಾಟಲ್ಲಿ ಇರೋ ಹಾಗಿರಲಿಲ್ಲ."

"ಹಾಗಲ್ಲ. ಆ ಚಿತ್ರದಲ್ಲಿ ಏನೂ ತಪ್ಪಿಲ್ಲ. ಮಕ್ಕಳು ಸ್ನಾನ ಮಾಡ್ತಿದ್ದಾರೆ."

"ತಪ್ಪಿಲ್ದೇ ಇದ್ರೆ ಮುಚ್ಚಿದ್ಯಾಕೆ?" ಗಾರ್ಲೆಂಡ್ ಸಭೆಯ ಕಡೆ ನೋಡಿದ. "ನೀವು ಎಷ್ಟೋ ವರ್ಷದಿಂದ ಮಕ್ಕಳನ್ನ ನೋಡಿದೋರು. ಪುಸ್ತಕ ಗೊತ್ತಿರೋರು. ನಮ್ಮಂಥೋರಿಗೆ ಏನು ತಿಳಿಯುತ್ತೆ? ಆದ್ರೆ ಅಂಥ ನಿಮಗೇ ಇದನ್ನ ಮಕ್ಕಳಿಗೆ ತೋರಿಸಬಾರದು ಅನ್ನಿಸ್ತು. ಕೂತು, ಕೈಯಾರೆ, ಒಂದೊಂದನ್ನೂ ಮುಚ್ಚಿದ್ರಿ. ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇರೆ ಯಾವುದು ಬೇಕು?"

ಮುಂದಿನ ಸಾಲಿನಲ್ಲಿ ಚಪ್ಪಾಳೆ ಬಿತ್ತು.  ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಆರ್ಡಿತ್ ಹುಡುಕುತ್ತ ನಿಂತಳು. ಪ್ರಿನ್ಸಿಪಾಲ್ ಹೇಳಿದ್ದು ಎನ್ನಬಹುದಿತ್ತು. ಆದರೆ ಮಾತು ಅವರದು, ಬಣ್ಣ ಮಾತ್ರ ನನ್ನದು ಎಂದು ಆ ಕೋರ್ಟಿನ ಪಕ್ಕದಲ್ಲಿ ನಿಂತು, ಯೂಲಾಳ ಎದುರಿಗೆ ಹೇಳಲು ನಾಲಿಗೆ ಏಳಲಿಲ್ಲ. ಆಕೆ ತಿರುಗಿ ಮುಂದಿನ ಸಾಲಿನಲ್ಲಿ ಕೂತಿದ್ದವಳನ್ನು ನೋಡಿದಳು.

"ಕಾರ್ಲೀನ್, ಆ ಪುಸ್ತಕದ ಕೊನೇ ಪುಟದಲ್ಲಿ ನಾಯಿ ಎಲ್ಲಿರುತ್ತೆ ಹೇಳು."

"ಅಜ್ಜಿ ಕುರ್ಚಿ ಕೆಳಗೆ, ಟವಲ್ ಹಿಂದೆ," ಎಂದುಬಿಟ್ಟಳು ಕಾರ್ಲೀನ್, ಆರು ವರ್ಷದವಳಂತೆ, ಥಟ್ಟನೆ. ಹೇಳಿದ ಮೇಲೆ ಅವಳ ಮುಖ ಕುತ್ತಿಗೆಯವರೆಗೆ ಕೆಂಪೇರಿತು. ಪಕ್ಕದವಳು ಅವಳ ಮೊಣಕೈ ಹಿಡಿದಳು.

"ಅಷ್ಟೇ," ಎಂದಳು ಆರ್ಡಿತ್. "ಅವಳು ನೋಡಿದ್ದು ಅಷ್ಟೇ."

ಕೆಂಪು ದೀಪ ಹತ್ತಿತು. ಗಾರ್ಲೆಂಡ್ ಧನ್ಯವಾದ ಹೇಳಿದ. ಐದು ಕೈಗಳೂ ಮೇಲೆದ್ದವು. ತೊಟ್ಟಿ ಪುಸ್ತಕ, ಹಂದಿ, ದೇವದೂತರು, ಹುಲ್ಲಿನ ಕೂಸು, ಎಲ್ಲ ಹೋದವು. ಬಣ್ಣ ಬಳಿಯದೇ ಬಿಟ್ಟಿದ್ದರೆ ಬಹುಶಃ ಒಂದು ಪುಸ್ತಕ ಹೋಗುತ್ತಿತ್ತು; ಅದೂ ಜಗಳವಾಡಿ ಹೋಗುತ್ತಿತ್ತು.

ಸಭೆ ಮುಗಿದ ಮೇಲೆ ಡ್ವೈಟ್ ಪಾರ್ಕಿಂಗಿನಲ್ಲಿ ಓಡಿ ಬಂದ. ಮುಖದಲ್ಲಿ ಬೆಳದಿಂಗಳು.

"ನಿಮ್ಮನ್ನ ತೆಗೀಬೇಕು ಅಂತಿದ್ರು ಮಿಸ್ ಆರ್ಡಿತ್. ನಾನು ಬಿಡ್ಲಿಲ್ಲ. ಅವರ ಉದ್ದೇಶ ಒಳ್ಳೇದು ಅಂತ ಹೇಳಿದ್ನಲ್ಲ, ಅದಕ್ಕೇ ಉಳಿದದ್ದು. ಒಂದೇ ಕೆಲಸ ಒಪ್ಕೊಂಡಿದ್ದೀನಿ. ಉಳಿದ ಪುಸ್ತಕ ಎಲ್ಲ ನೀವೇ ಒಂದ್ಸಲ ತಿರುವಿ ನೋಡಿ, ಎಲ್ಲೆಲ್ಲಿ ಏನೇನಿದೆ ತೆಗೆದಿಡಬೇಕು. ಬಣ್ಣ ಗಿಣ್ಣ ಇನ್ನು ಬೇಡ. ನಿಮಗಿಂತ ಚೆನ್ನಾಗಿ ಯಾರ ಕಣ್ಣಿಗೆ ಬೀಳುತ್ತೆ ಹೇಳಿ?"

ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ.  ಆರ್ಡಿತ್ ಕಾರಿನ ಬಾಗಿಲು ಹಿಡಿದು ನಿಂತಳು.

"ಬಿಟ್ಟು ಬಾರೇ," ಎಂದಳು ಯೂಲಾ, ಅವನು ಹೋದ ಮೇಲೆ. "ಮುಖಕ್ಕೆ ಬೀಗದ ಕೈ ಎಸೆದು ಬಾ."

"ನಾನು ಬಿಟ್ರೆ ಇನ್ಯಾವಳೋ ಬರ್ತಾಳೆ. ಕಣ್ಣು ಮುಚ್ಚಿ ಅರ್ಧ ಕಪಾಟು ಖಾಲಿ ಮಾಡ್ತಾಳೆ. ನಾನಿದ್ರೆ ಒಂದಷ್ಟಾದ್ರೂ ಉಳಿಯುತ್ತೆ."

"ನಿಮ್ಮಪ್ಪನೂ ಹಾಗೇ ಅಂದಿರ್ತಾನೆ ಕಣೆ. ಬೇರೆ ಯಾವನೋ ಬರೆದ್ರೆ ಅಕ್ಷರ ಸೊಟ್ಟಗೆ ಬರುತ್ತೆ ಅಂತ."

 ಯೂಲಾ ಕೈ ಬೀಸಿ ತನ್ನ ಕಾರಿನ ಕಡೆ ನಡೆದಳು. ಆಮೇಲೆ ಕೆಲವು ದಿನ ಲೈಬ್ರರಿಗೆ ಐಸ್ ಟೀ ಬರಲಿಲ್ಲ.

ಆಕೆ ಕೆಲಸ ಶುರುಮಾಡಿದಳು. ಬಾಗಿಲ ಪಕ್ಕದ ಕಪಾಟಿನಿಂದ ಹಿಡಿದು ಒಂದೊಂದೇ ಪುಸ್ತಕ ಮೇಜಿಗೆ ತಂದು ತಿರುವಿದಳು. ಹೆಚ್ಚು ತೆಗೆಯಲಿಲ್ಲ, ಸಂಶಯ ಬಂದಲ್ಲೆಲ್ಲ ಇರಲಿ ಎಂದೇ ಇಟ್ಟಳು. ತನ್ನ ಜಾಣತನದ ಬಗ್ಗೆ ಒಳಗೊಳಗೇ ಸಮಾಧಾನವೂ ಇತ್ತು. ಆದರೆ ದಿನ ಕಳೆದಂತೆ ಒಂದು ವಿಚಿತ್ರ ಗಮನಕ್ಕೆ ಬಂತು. ಮೊದಲೆಲ್ಲ ಪುಟ ತೆರೆದರೆ ಆಕೆಯ ಕಣ್ಣು ಮರದ ಕಡೆ, ಮುಖದ ಕಡೆ, ಮೂಲೆಯಲ್ಲಿ ಚಿತ್ರಕಾರ ತಮಾಷೆಗೆ ಇಟ್ಟ ಜೇಡದ ಕಡೆ ಹೋಗುತ್ತಿತ್ತು. ಈಗ ಹೋಗುವುದು ಸೊಂಟದ ಕಡೆಗೆ. ಅಂಗಿ ಎಲ್ಲಿ ಮುಗಿಯುತ್ತದೆ, ಲಂಗ ಎಷ್ಟು ಎತ್ತಿದೆ, ಈಜುವ ಹುಡುಗಿಯ ಬೆನ್ನು ಎಷ್ಟು ಕಾಣುತ್ತದೆ. ಆಮೇಲೆ ಉಳಿದದ್ದು. ನಡುವೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರೂ ಹಾಗೆಯೇ. ಇಷ್ಟು ವರ್ಷ ಈ ಪುಸ್ತಕಗಳಲ್ಲಿ ಇಷ್ಟೊಂದು ಮೈ ಇತ್ತೇ? ಕಾರ್ಲೀನ್ ಎರವಲು ತಂದಿದ್ದ ಆ ಹೊಲಸು ಮನುಷ್ಯನ ಕಣ್ಣು ಈಗ ತನ್ನ ಮುಖದಲ್ಲೇ ಮನೆ ಮಾಡಿಕೊಂಡಿದೆ ಎಂದು ಆಕೆಗೆ ಅನಿಸಿತು. ಕೈ ತೊಳೆದು ಬಂದಳು. ತೊಳೆಯಬೇಕಾದ್ದು ಕೈಯಲ್ಲ ಎಂದು ಗೊತ್ತಿದ್ದೂ ತೊಳೆದಳು.

ಆ ವಾರ ಒಂದನೇ ತರಗತಿಯವರು ಕಥೆಗೆ ಬಂದರು. ಹೊರಗೆ ಮಳೆ ಬರುತ್ತಿದ್ದುದರಿಂದ ಸಮುದ್ರದ ಪುಸ್ತಕ ಬೇಕೆಂದರು. ಆಕೆಯೇ ನೋಡಿ, ಏನೂ ತೊಂದರೆಯಿಲ್ಲ ಎಂದು ವಾಪಸು ಇಟ್ಟಿದ್ದ ಪುಸ್ತಕ. ಮಕ್ಕಳು ಜಮಖಾನೆಯ ಮೇಲೆ ಮೊದಲಿನಂತೆ ತೆವಳುತ್ತ ಮೊಣಕಾಲಿನ ಹತ್ತಿರ ಬಂದರು. ಆರ್ಡಿತ್ ಅಲೆಯ ದನಿ ತೆಗೆದಳು, ಹಡಗಿನ ಸೀಟಿ ಊದಿದಳು. ಮಕ್ಕಳು ನಕ್ಕರು. ಬಹಳ ದಿನದ ಮೇಲೆ ಆಕೆಗೆ ಎದೆ ಹಗುರಾಯಿತು. ಪುಟ ತಿರುವಿದಳು: ಮರಳ ದಂಡೆ, ಛತ್ರಿ, ನೀರಿಗೆ ಓಡುತ್ತಿರುವ ಪುಟ್ಟ ಮಗುವಿನ ಬೆನ್ನು. ಆಕೆ ಓದುತ್ತಲೇ ಹೋದಳು. ಮಕ್ಕಳು ಮಾತ್ರ ಒಬ್ಬರನ್ನೊಬ್ಬರು ತಳ್ಳಿಕೊಂಡು, ಕತ್ತು ಆ ಕಡೆ ಈ ಕಡೆ ಕೊಂಕಿಸತೊಡಗಿದರು.

"ಮಿಸ್ ಆರ್ಡಿತ್," ಎಂದಳು ಮುಂದೆ ಕೂತಿದ್ದ, ಎರಡು ಹಲ್ಲು ಬಿದ್ದ ಹುಡುಗಿ, "ಕೈ ತೆಗೀರಿ. ಏಡಿ ಕಾಣ್ತಿಲ್ಲ."

ಆರ್ಡಿತ್ ಕೆಳಗೆ ನೋಡಿದಳು. ತನ್ನ ಎಡಗೈ ಪುಟದ ಮೇಲೆ ಅಗಲವಾಗಿ ಹರಡಿಕೊಂಡು, ಓಡುವ ಮಗುವನ್ನು ಪೂರ್ತಿ ಮುಚ್ಚಿ ಕೂತಿತ್ತು. ಯಾವಾಗ ಹೋಗಿ ಅಲ್ಲಿ ಕೂತಿತೋ ಆಕೆಗೆ ತಿಳಿದಿರಲಿಲ್ಲ. ಕೈ ತೆಗೆದಳು. ಮಗುವಿನ ಕಾಲಿನ ಪಕ್ಕ ಮರಳಲ್ಲಿ ಕೆಂಪು ಏಡಿ ಮುಂಗಾಲು ಎತ್ತಿ ನಿಂತಿತ್ತು, ಮಕ್ಕಳೆಲ್ಲ ಹೋ ಎಂದು ಅದರ ಮೇಲೆ ಬಾಗಿದರು. ಏಡಿಯನ್ನು ನೋಡದೆ ಉಳಿದವಳು ಆ ಕೋಣೆಯಲ್ಲಿ ಆಕೆ ಒಬ್ಬಳೇ.